ಊರ ಮುಂದಿನ ಹೊಲದ ಸೊಟ್ಟ ಸಾಲು

ಗುಬ್ಬಿಯಿಂದ ನಮ್ಮೂರಿಗೆ ಬರುವ ಬಸ್ಸು ಕೆರೆ ಏರಿಯ ತಿರುವು ದಾಟಿದ ಕೂಡಲೇ ಎಡಗಡೆ ಕಿಟಕಿಯಲ್ಲಿ ಕೂತವರಿಗೆ ಒಂದು ಹೊಲ ಕಾಣುತ್ತದೆ. ಹೊಲದಾಚೆ ಬಸವಣ್ಣನ ಗುಡಿ, ಗುಡಿಯ ಹಿಂದೆ ಮನೆಗಳು, ಅದರಾಚೆ ತೆಂಗಿನ ತೋಟಗಳು. ನಾನು ಗೂಳೂರಿನಿಂದ ಈ ಊರಿಗೆ ಸೊಸೆಯಾಗಿ ಬಂದ ದಿನವೂ ಮೊದಲು ಕಂಡದ್ದು ಆ ಹೊಲವೇ. ರಾಗಿ ತೆನೆ ಬಾಗಿ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಹೊಸ ಗಂಡನ ಮುಖ ನೋಡಲು ನಾಚಿಕೆಯಾಗಿ ಆ ರಾಗಿಯನ್ನೇ ನೋಡುತ್ತಾ ಇಳಿದೆ. ನಿಮಗಿಂತ ಮೊದಲು ನನಗೆ ಪರಿಚಯವಾದದ್ದು ಆ ಹೊಲ ಎಂದು ಅವರನ್ನು ಈಗಲೂ ರೇಗಿಸುತ್ತೇನೆ.

ಹೊಲ ನಮ್ಮ ಚಿಕ್ಕಮಾವನದು, ಅಂದರೆ ನನ್ನ ಮಾವನ ತಮ್ಮನದು. ಒಂದೇ ಗೋಡೆಯ ಆ ಕಡೆ ಅವರ ಮನೆ, ಈ ಕಡೆ ನಮ್ಮದು. ಪಹಣಿಯಲ್ಲಿ ಅವರ ಹೆಸರಿದ್ದರೂ ಊರೆಲ್ಲ ಆ ಹೊಲವನ್ನು ತನ್ನದೆಂದೇ ಬಳಸುತ್ತಿತ್ತು. ಕುಯ್ಲು ಮುಗಿದ ಮೇಲೆ ಜಾಗವಿಲ್ಲದವರು ಅಲ್ಲಿ ಮೆದೆ ಒಟ್ಟುತ್ತಿದ್ದರು. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಯಾರ ಮನೆಯ ಮದುವೆಯಾದರೂ ಊಟದ ಚಪ್ಪರ ಅಲ್ಲೇ. ಎಮ್ಮೆಗಳು ಕೆರೆಗೆ ಹೋಗುತ್ತಿದ್ದುದೂ ಅದರ ಬದುವಿನ ಮೇಲೇ. ಎಲ್ಲಕ್ಕಿಂತ ಮುಖ್ಯವಾಗಿ ಊರಿನ ಹೊನ್ನಾರು ನಡೆಯುತ್ತಿದ್ದುದು ಆ ಹೊಲದಲ್ಲಿ.

ಹೊನ್ನಾರು ಎಂದರೆ ಯುಗಾದಿ ಆದ ಮೇಲೆ ಊರು ಒಟ್ಟಾಗಿ ಮಾಡುವ ವರ್ಷದ ಮೊದಲ ಉಳುಮೆ. ಗುಡಿಯ ಅಯ್ಯನವರು ಪಂಚಾಂಗ ನೋಡಿ, ಈ ಸಲ ಮೊದಲ ಸಾಲು ಯಾರ ಹೆಸರುಬಲಕ್ಕೆ ಬಂದಿದೆ, ಯಾವ ಬಣ್ಣದ ಎತ್ತು ಮುಂದಿರಬೇಕು ಎಂದು ಹೇಳುತ್ತಾರೆ. ಆ ಮನುಷ್ಯ ಮುಂದೆ, ಊರಿನ ಉಳಿದ ನೇಗಿಲುಗಳೆಲ್ಲ ಹಿಂದೆ. ಮೊದಲ ಸಾಲು ಯಾರೇ ಉಳಲಿ, ಅದು ನೆಟ್ಟಗೆ ಬಿದ್ದಿದೆಯೇ ಎಂದು ನೋಡಿ ತಲೆಯಾಡಿಸುವ ಅಧಿಕಾರ ಮಾತ್ರ ಚಿಕ್ಕಮಾವನದಾಗಿತ್ತು. ಅವರು ತಲೆಯಾಡಿಸಿದರೆ ಆ ವರ್ಷ ಮಳೆ ಬೆಳೆ ಸರಿಯಾಗಿ ಆಗುತ್ತದೆ ಎಂದು ಊರು ನಂಬಿತ್ತು. ನಾನಂತೂ ನಂಬಿದ್ದೆ, ಯಾಕೆಂದರೆ ಅವರು ಸುಲಭಕ್ಕೆ ತಲೆಯಾಡಿಸುವವರಲ್ಲ.

ಹೀಗಿರುವಾಗ ಅವರ ಜೋಡಿಯಲ್ಲಿ ಒಂದು ಎತ್ತು ವಯಸ್ಸಾಗಿ ತೀರಿಕೊಂಡಿತು. ಉಳಿದದ್ದನ್ನು ಒಂಟಿಯಾಗಿ ಕೊಟ್ಟಿಗೆಯಲ್ಲಿ ನೋಡಲಾರೆ ಎಂದು ಅದನ್ನು ಕುಣಿಗಲ್ಲಿನ ಮಗಳ ಮನೆಗೆ ಕಳಿಸಿದರು. ಮತ್ತೆ ಎತ್ತು ಕಟ್ಟಲಿಲ್ಲ. ಹೊಲ ಬೀಳು ಬಿತ್ತು. ಅದರ ಮರುವರ್ಷ ಊರಿನ ಹುಡುಗರು ಹೊನ್ನಾರನ್ನು ರಸ್ತೆಯಾಚೆಯ ಬೇರೊಬ್ಬರ ಹೊಲದಲ್ಲಿ ಟ್ರ್ಯಾಕ್ಟರಿಗೆ ಮಾವಿನ ತೋರಣ ಕಟ್ಟಿ ಹತ್ತು ನಿಮಿಷದಲ್ಲಿ ಮುಗಿಸಿದರು. ಟ್ರ್ಯಾಕ್ಟರಿನ ಹಣೆಗೆ ವಿಭೂತಿ ಬಳಿದು, ಅದರ ಚಕ್ರಕ್ಕೆ ನೀರು ಹಾಕಿ ನಾವು ಹೆಂಗಸರು ಆರತಿ ಎತ್ತಿದ್ದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ. ಅವತ್ತು ಚಿಕ್ಕಮಾವ ಅಲ್ಲಿ ಇರಲಿಲ್ಲ ಎಂಬುದನ್ನು ನಾವು ಯಾರೂ ಗಮನಿಸಲಿಲ್ಲ.

ಮುಂದಿನ ಚಳಿಗಾಲದಲ್ಲಿ ತುಮಕೂರಿನಿಂದ ಲೇಔಟಿನವರೊಬ್ಬರು ಬಂದರು. ಬಿಳಿ ಷರ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ಚಿಕ್ಕಮಾವನ ಜಗಲಿಯ ಮೇಲೆ ದೊಡ್ಡ ಬಣ್ಣದ ಚಿತ್ರ ಬಿಡಿಸಿಟ್ಟು ತೋರಿಸಿದರು. ಊರ ಮುಂದಿನ ಹೊಲದ ಸುತ್ತ ಆಳೆತ್ತರದ ಕಾಂಪೌಂಡು, ಮುಂದೆ ಕಮಾನು, ಗೇಟು, ಗೇಟಿಗೊಬ್ಬ ವಾಚ್‌ಮನ್. ಒಳಗೆ ಶನಿವಾರ ಭಾನುವಾರ ಬಂದು ಹೋಗುವವರ ಮನೆಗಳು. ನಮ್ಮ ಕೆರೆಯೂ ಚಿತ್ರದಲ್ಲಿತ್ತು, ಎಮ್ಮೆಗಳಿರಲಿಲ್ಲ, ಅವುಗಳ ಬದಲು ಹಂಸಗಳು ಈಜುತ್ತಿದ್ದವು. ಕಾಂಪೌಂಡಿನ ಒಳಗೆ ಸಾಲಾಗಿ ತೆಂಗಿನಂಥ ಮರಗಳಿದ್ದವು. ಎಷ್ಟು ವರ್ಷಕ್ಕೆ ಫಸಲು ಬರುತ್ತದೆ ಎಂದು ನನ್ನ ಗಂಡ ಕೇಳಿದರು. ಇದು ಕಾಯಿ ಬಿಡುವುದಿಲ್ಲ ಸಾರ್, ಬರೀ ಅಂದಕ್ಕೆ ಎಂದರು ಲೇಔಟಿನವರು. ಗುಬ್ಬಿ ಸೀಮೆಗೆ ಬಂದು ಕಾಯಿ ಬಿಡದ ತೆಂಗು ನೆಡುತ್ತೇನೆ ಎನ್ನುವವನ ಧೈರ್ಯಕ್ಕೆ ನಾನು ದಂಗಾಗಿ ಹೋದೆ. ಕೋಪದಿಂದಲೇ ಒಳಗೆ ಹೋಗಿ ಎಲ್ಲರಿಗೂ ಒಬ್ಬಟ್ಟು ತಂದುಕೊಟ್ಟೆ. ಆ ಮನುಷ್ಯ ಎರಡು ತಿಂದು, ಅಕ್ಕಾ ಇಂಥ ಒಬ್ಬಟ್ಟು ನಮ್ಮಮ್ಮ ಹೋದ ಮೇಲೆ ತಿಂದಿರಲಿಲ್ಲ ಎಂದು ಕಣ್ಣು ತುಂಬಿಕೊಂಡರು. ಸರಿಯಾಗಿ ದ್ವೇಷ ಮಾಡಲೂ ಬಿಡದ ಜನ ಇರುತ್ತಾರೆ.

ಮನೆ ಕಟ್ಟಬಾರದು ಎಂದು ನಾವು ಯಾರೂ ಅನ್ನಲಿಲ್ಲ. ಊರಿಗೆ ಮನೆ ಬೇಡವೇ? ನಮ್ಮ ಮನೆಯ ಮೇಲೇ ಒಂದು ಮಾಳಿಗೆ ಎದ್ದಿದೆ. ನನ್ನ ಹೊಟ್ಟೆ ಉರಿದದ್ದು ಆ ಗೋಡೆಗೆ, ಆ ಗೇಟಿಗೆ. ಬಸ್ಸಿಳಿದವರಿಗೆ ಊರೇ ಕಾಣದಂತೆ ಅಡ್ಡ ನಿಲ್ಲುವ ಗೋಡೆ ಅದು. ಎಮ್ಮೆ ಹೊಡೆದುಕೊಂಡು ಹೋಗುವವರು ಮೈಲಿ ಸುತ್ತಬೇಕಿತ್ತು. ನಮ್ಮೂರ ಮುಂದೆ ನಿಂತು ನಮ್ಮನ್ನೇ ಯಾರು ನೀವು ಎಂದು ಒಬ್ಬ ವಾಚ್‌ಮನ್ ಕೇಳುತ್ತಾನಲ್ಲ, ಅದನ್ನು ನೆನೆಸಿಕೊಂಡು ನಾನು ಆ ದಿನಗಳಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಒಬ್ಬಳೇ ಜಗಳವಾಡುತ್ತಿದ್ದೆ. ಗುಬ್ಬಿಯ ಪೇಟೆಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಆ ತಿಂಗಳು ಹೊಲಿಸಿಕೊಂಡವರ ರವಿಕೆಗಳು ಸ್ವಲ್ಪ ಬಿಗಿಯಾಗಿದ್ದರೆ ಕಾರಣ ಇದು.

ಕೊನೆಗೆ ತಡೆಯಲಾರದೆ ಒಂದು ಬೆಳಗ್ಗೆ ಚಿಕ್ಕಮಾವನನ್ನೇ ಕೇಳಿದೆ.

"ಊರ್ ಮುಖಕ್ಕೆ ಗೋಡೆ ಕಟ್ಟಿಸ್ತೀರಾ ಮಾವ?"

ಅವರು ಕಾಫಿ ಲೋಟ ಕೆಳಗಿಟ್ಟರು. "ಬೀಳ್ ಬಿದ್ದೈತಲ್ಲವ್ವ ಹೊಲ. ಯಾರ್ಗ್ ಬೇಕಾಗೈತೆ ಅದು, ಚೆಂಡಾಡೋ ಹುಡುಗ್ರಿಗೆ ಬುಟ್ರೆ? ನನ್ ಹೊಲ, ನನ್ ಇಷ್ಟ."

ನಾನು ಸಿಡುಕಿ. ಹಾಗಾದರೆ ಮಾರಿಕೊಳ್ಳಿ, ಹಂಸಗಳಿಗೆ ಕಾಳು ಹಾಕುತ್ತಾ ಕೂತಿರಿ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಸಾರು ಪಲ್ಯದ ಬಟ್ಟಲು ದಿನವೂ ಓಡಾಡುತ್ತಿದ್ದದ್ದು ನಿಂತಿತು. ನನ್ನ ಕಡೆಯಿಂದ ನಿಂತಿತು ಎನ್ನಬೇಕು. ಚಿಕ್ಕತ್ತೆ ಮಾತ್ರ ಜಗಳಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಬಟ್ಟಲು ಇಡುತ್ತಲೇ ಇದ್ದರು. ನಾನು ಮುಖ ಊದಿಸಿಕೊಂಡೇ ಅವರ ಬಸ್ಸಾರು ಉಣ್ಣುತ್ತಿದ್ದೆ.

ಅರಳಿಕಟ್ಟೆಯ ಮೇಲೆ ಗಂಡಸರು ಸೇರಿ ಪಂಚಾಯ್ತಿಗೆ ಅರ್ಜಿ ಕೊಡೋಣ, ದಾರಿ ಬಿಡಿಸೋಣ ಎಂದು ಮಾತಾಡಿಕೊಂಡರು. ನನ್ನ ಗಂಡನಿಗೆ ಅವರ ಚಿಕ್ಕಪ್ಪ ಚೆನ್ನಾಗಿ ಗೊತ್ತು. ಅರ್ಜಿ ಕೊಟ್ಟ ದಿನವೇ ಅವರು ಹಠಕ್ಕೆ ಹೊಲ ಮಾರುತ್ತಾರೆ ಎಂದರು. ನಿಜ. ಚಿಕ್ಕಮಾವ ಬೇಡ ಎಂದರೆ ಬೇಕು ಎನ್ನುವ ಜಾತಿ. ಲೇಔಟಿನವರಿಂದ ಅವರು ಇನ್ನೂ ಏನೂ ಪಡೆದಿರಲಿಲ್ಲ. ಯುಗಾದಿ ಕಳೆಯಲಿ, ಬಂದು ಕಲ್ಲು ನೆಡಿ ಎಂದು ಮಾತು ಕೊಟ್ಟಿದ್ದರು ಅಷ್ಟೇ. ಆದರೆ ಅವರ ಮಾತು ರಿಜಿಸ್ಟ್ರಿಗಿಂತ ಗಟ್ಟಿ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಚಿಕ್ಕತ್ತೆ ಬಟ್ಟಲು ಇಟ್ಟು, ಹೋಗದೆ ಗೋಡೆಗೆ ಒರಗಿ ನಿಂತರು.

"ಹೋದ್ ವರ್ಸ ಹೊನ್ನಾರಿಗೆ ಒಬ್ರೂ ಅವರ್ನ ಕರೀಲಿಲ್ಲ ಕಣವ್ವ. ಬೆಳಗ್ಗೆಯಿಂದ ಹೊಸಾ ಟವಲ್ ಹೆಗಲ್ ಮ್ಯಾಲ್ ಹಾಕ್ಕಂಡ್ ಕಾಯ್ಕಂಡ್ ಕೂತಿದ್ರು."

ಅಷ್ಟು ಹೇಳಿ ಒಳಗೆ ಹೋದರು. ನನ್ನ ಕೋಪವೆಲ್ಲ ಜರ್ರನೆ ಇಳಿಯಿತು. ನಾವು ಟ್ರ್ಯಾಕ್ಟರಿಗೆ ಆರತಿ ಎತ್ತುತ್ತಿದ್ದಾಗ ಗೋಡೆಯಾಚೆ ಒಬ್ಬ ಮನುಷ್ಯ ಹೊಸ ಟವಲ್ ಹಾಕಿಕೊಂಡು ಕಾದಿದ್ದರು. ಎತ್ತಿಲ್ಲದ ಮೇಲೆ ತಾನು ಈ ಊರಿಗೆ ಬೇಡ ಎಂದು ಅವರಿಗೆ ಅನಿಸಿದ್ದರಲ್ಲಿ ತಪ್ಪೇನಿತ್ತು? ನನಗೆ ಸಂಕಟವಾಯಿತು.

ಅಂದು ಸಂಜೆಯೇ ನನ್ನ ಗಂಡನನ್ನು ಕಟ್ಟೆಗೆ ಕಳಿಸಿದೆ. ಅರ್ಜಿ ಗಿರ್ಜಿ ಬಿಡಿ, ಈ ಸಲ ಹೊನ್ನಾರನ್ನು ಎತ್ತು ಕಟ್ಟಿ ಅದೇ ಹೊಲದಲ್ಲಿ ಮಾಡಿ, ಮನೆಗೆ ಹೋಗಿ ಅವರನ್ನು ಕರೆಯಿರಿ ಎಂದು ಹೇಳಿಸಿದೆ. ಗಂಡಸರು ಒಪ್ಪಿದರು. ಕರೆಯಲು ಮಾತ್ರ ಯಾರಿಗೂ ಧೈರ್ಯ ಬರದೆ ಅದೂ ನನ್ನ ಪಾಲಿಗೇ ಬಂತು. ಎಲೆ ಅಡಿಕೆ ತಟ್ಟೆ ಹಿಡಿದು ಹೋದೆ. ಚಿಕ್ಕಮಾವ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಉಳುವುದಾದರೆ ಉಳಲಿ, ಅಡ್ಡ ಬರುವುದಿಲ್ಲ, ಆದರೆ ತಾನು ಮಾತ್ರ ಬರುವುದಿಲ್ಲ ಎಂದರು. ತಟ್ಟೆಯಿಂದ ಒಂದು ಅಡಿಕೆಯನ್ನೂ ಮುಟ್ಟಲಿಲ್ಲ.

ಈಗ ಎತ್ತು ಹುಡುಕುವ ಕೆಲಸ. ಅದೇ ಒಂದು ಹಬ್ಬವಾಯಿತು ನೋಡಿ. ಊರಿನಲ್ಲಿ ಮನೆಗೊಂದು ಬೈಕು ಇತ್ತು, ಎತ್ತು ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ. ಎಲ್ಲರೂ ನೆಂಟರಿಗೆ ಫೋನ್ ಮಾಡಿದರು. ಒಬ್ಬರ ಅಕ್ಕನ ಊರಿನಿಂದ ಒಂದು ಜೋಡಿ, ಇನ್ನೊಬ್ಬರ ಬೀಗರ ಮನೆಯಿಂದ ಒಂದು ಜೋಡಿ. ಒಬ್ಬರು ಎತ್ತು ಸಿಗದೆ, ಅಟ್ಟದ ಮೇಲಿದ್ದ ನೇಗಿಲನ್ನಾದರೂ ತರುತ್ತೇನೆ ಎಂದು ಇಳಿಸಿ ತೊಳೆದು ಅರಿಶಿನ ಹಚ್ಚಿದರು. ನನ್ನ ಅಣ್ಣ ಗೂಳೂರಿನಿಂದ ತನ್ನ ಜೋಡಿಯನ್ನು ಟೆಂಪೋದಲ್ಲಿ ಕಳಿಸಿಕೊಟ್ಟ. ಎತ್ತು ಗಾಡಿ ಎಳೆಯುವುದನ್ನು ನೋಡಿದ್ದ ಅಜ್ಜಿಯರು ಗಾಡಿಯೇ ಎತ್ತುಗಳನ್ನು ಹೊತ್ತು ತಂದದ್ದನ್ನು ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ನನ್ನ ಅತ್ತೆಯಂತೂ ಎರಡು ಎತ್ತುಗಳ ಕಾಲಿಗೂ ನೀರು ಕೊಟ್ಟು, ಬೀಗರು ಬಂದರು ಎಂದು ಬರಮಾಡಿಕೊಂಡರು.

ಯುಗಾದಿಯ ಸಂಜೆ ಗುಡಿಯಲ್ಲಿ ಪಂಚಾಂಗ ಓದಿದರು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಈ ಸಲದ ಹೆಸರುಬಲ ಯಾವ ರಾಶಿಗೆ ಬಂದಿದೆ ಎಂದು ಹೇಳಿದರು. ಲೆಕ್ಕ ಹಾಕಿದರೆ ಊರಿನಲ್ಲಿ ಆ ಬಲವಿದ್ದವರು ಮೂವರೇ. ಒಬ್ಬರು ಬೈಕಿನಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ತುಮಕೂರಿನಲ್ಲಿ ಮಲಗಿದ್ದರು. ಇನ್ನೊಬ್ಬ ತೊಟ್ಟಿಲಲ್ಲಿದ್ದ, ಹಾಲು ಕುಡಿಯುವ ಕೂಸು. ಮೂರನೆಯವಳು ನಾನು. ಕೂಸಿನ ಕೈಯನ್ನೇ ನೇಗಿಲಿಗೆ ಮುಟ್ಟಿಸಿದರೆ ಆಗದೇ ಎಂದು ಯಾರೋ ಹಿಂದಿನಿಂದ ಕೇಳಿದರು.

"ಹೆಂಗ್ಸು ಗಂಡ್ಸು ಅಂತ ಪಂಚಾಂಗದಲ್ಲಿ ಬರ್ದಿಲ್ಲ," ಎಂದರು ಅಯ್ಯನವರು. "ಬಲ ಇರೋರು ಉಳ್ಬೇಕು, ಅಷ್ಟೇಯ."

ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ. ನಾನು ನಗಲಿಲ್ಲ. ಒಳಗೊಳಗೇ ಹಿಗ್ಗಿಹೋಗಿದ್ದೆ. ಗುಬ್ಬಿಯಲ್ಲಿ ಸೀಮೆಸುಣ್ಣದ ಗೆರೆ ಇಲ್ಲದೆ ಮಾರುದ್ದದ ಬಟ್ಟೆಗೆ ನೆಟ್ಟಗೆ ಹೊಲಿಗೆ ಹಾಕುವವಳು ನಾನು. ಮಣ್ಣಿನಲ್ಲಿ ಒಂದು ಗೆರೆ ಎಳೆಯುವುದೇನು ಮಹಾ ಎಂದುಕೊಂಡೆ.

ಹೊನ್ನಾರಿನ ಬೆಳಗ್ಗೆ ಊರಿಗೆ ಊರೇ ಹೊಲದ ಮುಂದೆ ಸೇರಿತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಣೆಗೆ ವಿಭೂತಿ ಹಚ್ಚಿದ್ದರು. ತಮಟೆಯವರು ಬಂದಿದ್ದರು. ಅದೇ ಹೊತ್ತಿಗೆ ಏರಿಯ ಮೇಲೆ ಒಂದು ಕಾರು, ಅದರ ಹಿಂದೆ ಬಣ್ಣ ಹೊಡೆದ ಕಲ್ಲುಗಳನ್ನು ತುಂಬಿದ ಲಗೇಜ್ ಆಟೋ ಬಂದು ನಿಂತವು. ಲೇಔಟಿನವರು. ಅವರ ಜೋಯಿಸರೂ ಕಲ್ಲು ನೆಡಲು ಅದೇ ಮುಹೂರ್ತ ಕೊಟ್ಟಿದ್ದರಂತೆ. ಒಳ್ಳೆಯ ದಿನ ಎಂದ ಮೇಲೆ ಎಲ್ಲರಿಗೂ ಒಳ್ಳೆಯದೇ ಇರಬೇಕಲ್ಲ. ಅವರು ನಮ್ಮನ್ನೆಲ್ಲ ನೋಡಿ ಕೈಮುಗಿದು, ನಿಮ್ಮ ಪೂಜೆ ಮುಗಿಯಲಿ ಎಂದು ಹೊಂಗೆಯ ನೆರಳಿಗೆ ಹೋಗಿ ನಿಂತರು. ಚಿಕ್ಕಮಾವ ಎಲ್ಲೂ ಕಾಣಲಿಲ್ಲ. ಉಳುಮೆ ಮುಗಿದ ಕೂಡಲೇ ಆ ಕಲ್ಲುಗಳು ಅದೇ ಮಣ್ಣಿಗೆ ಇಳಿಯುತ್ತವೆ ಎಂದು ನನಗೆ ಅನಿಸಿತು.

ಪಂಚಾಂಗ ಕೆಂದೆತ್ತನ್ನು ಕೇಳಿತ್ತು. ನಮ್ಮಣ್ಣನ ಜೋಡಿಯಲ್ಲಿ ಒಂದು ಕೆಂದು ಇದ್ದದ್ದರಿಂದ ಅದೇ ಜೋಡಿ ಮುಂದೆ. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಬಸವಣ್ಣನಿಗೆ ಕೈಮುಗಿದು ನೇಗಿಲ ಹಿಡಿ ಹಿಡಿದೆ. ತವರಿನ ಎತ್ತು, ನನ್ನ ಮಾತು ಕೇಳುತ್ತವೆ ಎಂದುಕೊಂಡಿದ್ದೆ. ತವರಿನವರು ಯಾವತ್ತು ನನ್ನ ಮಾತು ಕೇಳಿದ್ದರು? ಹೊರಟವು ನೋಡಿ, ನೇಗಿಲು ನನ್ನನ್ನು ಎಳೆದುಕೊಂಡು ಹೋಯಿತು. ಬೀಳು ಬಿದ್ದ ನೆಲ ಗಟ್ಟಿಯಾಗಿತ್ತು. ಒತ್ತಿದರೆ ನೇಗಿಲು ಅಲ್ಲೇ ಕೂತುಬಿಡುತ್ತಿತ್ತು, ಬಿಟ್ಟರೆ ಮಣ್ಣಿನಿಂದ ಎದ್ದು ಕುಣಿಯುತ್ತಿತ್ತು. ಗುಡಿಯ ಕಡೆಗೆ ಹೋಗಬೇಕಾದ ಸಾಲು ಒಮ್ಮೆ ಕೆರೆಯ ಕಡೆಗೆ ಹೊರಳಿತು, ಒಮ್ಮೆ ಬಸ್‌ಸ್ಟಾಪಿನ ಕಡೆಗೆ. ತಮಟೆಯವರು ನಗು ತಡೆಯಲಾರದೆ ಹೊಡೆತ ತಪ್ಪಿಸಿದರು. ಹೆಂಗಸರೆಲ್ಲ ಹಾಗಲ್ಲ ಹೀಗೆ ಎಂದು ಕೂಗುತ್ತಿದ್ದರು, ಅವರಲ್ಲಿ ಒಬ್ಬರಾದರೂ ನೇಗಿಲು ಹಿಡಿದವರಲ್ಲ. ನನಗೂ ನಗು ಬಂದುಬಿಟ್ಟಿತು. ನಕ್ಕಷ್ಟೂ ಕೈ ಸಡಿಲವಾಯಿತು, ಸಾಲು ಇನ್ನಷ್ಟು ಸೊಟ್ಟಗಾಯಿತು.

ಹೊಲದ ಅರ್ಧಕ್ಕೆ ಬಂದಿರಬೇಕು. ತಮಟೆ ನಿಂತಿತು. ತಿರುಗಿ ನೋಡಿದರೆ, ಗುಡಿಯ ಕಡೆಯ ಬದುವಿನ ಮೇಲೆ ಚಪ್ಪಲಿ ಬಿಟ್ಟು ಚಿಕ್ಕಮಾವ ಹೊಲಕ್ಕೆ ಇಳಿದು ಬರುತ್ತಿದ್ದರು. ಹೆಗಲ ಮೇಲೆ ಹೊಸ ಟವಲ್ ಇತ್ತು. ಅಷ್ಟು ಹೊತ್ತೂ ಗುಡಿಯ ಗೋಡೆಯ ಹಿಂದೆ ನಿಂತು ನೋಡುತ್ತಿದ್ದರಂತೆ. ಮುಖ ಕೆಂಪಾಗಿತ್ತು. ನೇರವಾಗಿ ನನ್ನ ಹತ್ತಿರ ಬಂದರು.

"ಬುಡವ್ವ. ಬುಡು ಅಂದೆ. ನನ್ ಹೊಲ ಹಾಳ್ ಮಾಡ್ತಿದೀಯಲ್ಲ."

ನೇಗಿಲ ಹಿಡಿ ನನ್ನ ಕೈಯಿಂದ ಅವರ ಕೈಗೆ ಹೋಯಿತು. ಎತ್ತುಗಳಿಗೆ ಅವರು ಏನೋ ಮೆಲ್ಲಗೆ ಹೇಳಿದರು. ಗೂಳೂರಿನ ಆ ಪುಂಡ ಎತ್ತುಗಳು, ಹುಟ್ಟಿದಾಗಿನಿಂದ ಅವರ ಕೊಟ್ಟಿಗೆಯಲ್ಲೇ ಬೆಳೆದವುಗಳ ಹಾಗೆ ತಲೆ ತಗ್ಗಿಸಿ ನಡೆದವು. ಸಾಲು ಅಲ್ಲಿಂದ ಗುಡಿಯವರೆಗೆ ನೆಟ್ಟಗೆ ಹೋಯಿತು. ಅವರು ತಿರುಗಿಸಿಕೊಂಡು ಬಂದರು, ಇನ್ನೊಂದು ಸಾಲು ಹಾಕಿದರು, ಮತ್ತೊಂದು. ಉಳಿದ ನೇಗಿಲುಗಳೂ ಇಳಿದವು. ತಮಟೆ ಮತ್ತೆ ಶುರುವಾಯಿತು. ಸೈಟುಗಳಾಗಬೇಕಿದ್ದ ಹೊಲದಲ್ಲಿ ಒಂದು ಸಾಲು ಸೊಟ್ಟಗಾದದ್ದನ್ನು ಆ ಮನುಷ್ಯ ತಡೆದುಕೊಳ್ಳಲಾರದೆ ಹೋದರು. ನಾನು ಬದುವಿನ ಮೇಲೆ ಕೂತು ಅತ್ತೆ. ಖುಷಿಗೆ ಅತ್ತೆ, ಜೋರಾಗಿಯೇ ಅತ್ತೆ. ಕೈ ನೋಯುತ್ತಿದೆಯಾ ಎಂದು ನನ್ನ ಗಂಡ ಕೇಳಿದರು. ಕೆಲವು ಗಂಡಸರಿಗೆ ಯಾವುದೂ ಅರ್ಥವಾಗುವುದಿಲ್ಲ.

ಬಿಸಿಲೇರುವವರೆಗೂ ಉತ್ತರು. ಆಮೇಲೆ ಎತ್ತುಗಳ ಕಾಲಿಗೆ ನೀರು ಹಾಕಿ ಆರತಿ ಎತ್ತಿದೆವು, ಎಲ್ಲರಿಗೂ ಪಾನಕ ಕೋಸಂಬರಿ ಹಂಚಿದೆವು. ಲೇಔಟಿನವರಿಗೂ ಕೊಟ್ಟೆವು. ಚಿಕ್ಕಮಾವ ಮುಖದ ಬೆವರು ಒರೆಸಿಕೊಳ್ಳುತ್ತಾ ಅವರ ಹತ್ತಿರ ಹೋದರು. ಊರೆಲ್ಲ ಪಾನಕ ಕುಡಿಯುವುದನ್ನು ನಿಲ್ಲಿಸಿ ಕಿವಿಯಾಯಿತು.

"ಹೊನ್ನಾರ್ ಬಿದ್ದ ಹೊಲ ಬಿತ್ದೆ ಬುಡಾಕಾಗಲ್ಲ ಸ್ವಾಮಿ. ಮಾತ್ ಕೊಟ್ಟಿದ್ದೆ, ತಪ್ತಾ ಇದೀನಿ. ಮನ್ಸಿಗಾಕ್ಕಬ್ಯಾಡಿ."

ಜೀವಮಾನದಲ್ಲಿ ಅವರು ಮಾತು ತಪ್ಪಿದ್ದು ಅದೊಂದೇ ಸಲ ಎಂದು ಚಿಕ್ಕತ್ತೆ ಹೇಳುತ್ತಾರೆ. ಲೇಔಟಿನವರು ಉಳಿದ ಪಾನಕ ಕುಡಿದು ಲೋಟ ಕೆಳಗಿಟ್ಟರು. ಮುಂದಿನ ವರ್ಷವಾದರೂ ನೋಡಬಹುದೇ ಯಜಮಾನರೇ ಎಂದು ಕೇಳಿದರು.

"ಮುಂದಿನ್ ವರ್ಸಾನೂ ಯುಗಾದಿ ಬತ್ತದಲ್ಲ," ಎಂದರು ಚಿಕ್ಕಮಾವ.

ಲೇಔಟಿನವರು ನಕ್ಕುಬಿಟ್ಟರು. ನಾವೂ ನಕ್ಕೆವು. ಕಲ್ಲು ತುಂಬಿದ ಆಟೋ ಏರಿಯ ಮೇಲೆ ತಿರುಗಿಸಿಕೊಳ್ಳಲು ಒದ್ದಾಡಿದಾಗ ನಮ್ಮ ಹುಡುಗರೇ ಹೋಗಿ ತಳ್ಳಿಕೊಟ್ಟರು. ಆ ಮನುಷ್ಯನಿಗೆ ಹೈವೇ ಪಕ್ಕದಲ್ಲಿ ಬೇರೆ ಜಾಗ ಸಿಕ್ಕಿತಂತೆ. ಅವರ ಹೆಂಡತಿ ಈಗ ನನ್ನಲ್ಲೇ ರವಿಕೆ ಹೊಲಿಸುತ್ತಾರೆ.

ನನ್ನ ಅಣ್ಣನ ಎತ್ತುಗಳು ಅವತ್ತು ಸಂಜೆಯೇ ಟೆಂಪೋ ಹತ್ತಬೇಕಿತ್ತು. ಕರೆದುಕೊಂಡು ಹೋಗಲು ಬಂದವನನ್ನು ಚಿಕ್ಕಮಾವ, ಯಾಕೆ ನಮ್ಮ ಕೊಟ್ಟಿಗೆಯಲ್ಲಿ ಹುಲ್ಲಿಲ್ಲವೇ ಎಂದು ಗದರಿ ಕಳಿಸಿದರು. ಬಿತ್ತನೆ ಮುಗಿಯಲಿ ಎಂದರು, ಆಮೇಲೆ ಕುಂಟೆ ಹೊಡೆಯುವುದಿದೆ ಎಂದರು. ಕೊನೆಗೆ ಅಣ್ಣನೇ ಸೋತು, ತಂಗಿಯನ್ನೂ ಕೊಟ್ಟೆ, ಎತ್ತನ್ನೂ ಕೊಟ್ಟೆ, ಇನ್ನು ನಾನೇ ಬಂದು ನಿಮ್ಮೂರಲ್ಲಿ ಇದ್ದುಬಿಡುತ್ತೇನೆ ಎಂದ. ಸೊಟ್ಟ ಸಾಲು ಉತ್ತದ್ದು ನನ್ನ ಉಪಾಯ ಎಂದು ಊರಿನಲ್ಲಿ ಈಗ ಒಂದು ಮಾತು ಇದೆ. ಎಷ್ಟು ಚೆನ್ನಾಗಿ ಮಾಡಿದೆ ಎಂದು ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ನಾನು ನೆಟ್ಟಗೆ ಉಳಲು ಪ್ರಾಣ ಬಿಟ್ಟು ಹೆಣಗಿದ್ದೆ. ಆದರೂ ಹೊಗಳಿಕೆ ಬಂದರೆ ಬೇಡ ಎನ್ನುವುದಿಲ್ಲ.

ಮಳೆ ಬಿದ್ದ ಮೇಲೆ ಚಿಕ್ಕಮಾವ ರಾಗಿ ಬಿತ್ತಿದರು. ನಮ್ಮ ಕಡೆ ರಾಗಿಯ ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಾರೆ. ಆ ಸಾಲುಗಳನ್ನೆಲ್ಲ ಅವರು ದಾರ ಹಿಡಿದ ಹಾಗೆ ಹಾಕಿದ್ದರು. ರಾಗಿ ಮೊಣಕಾಲುದ್ದ ಬೆಳೆದ ಮೇಲೆ, ಒಂದು ದಿನ ಅಂಗಡಿಗೆ ಬೀಗ ಹಾಕಿ ಬಸ್ಸಿನಲ್ಲಿ ಬರುತ್ತಿದ್ದೆ. ಏರಿ ತಿರುವಿನಲ್ಲಿ ಕಿಟಕಿಯಿಂದ ನೋಡಿದೆ. ಹೊಲದ ಅಂಚಿನ ಒಂದು ಅವರೆ ಸಾಲು ಕೆರೆಯ ಕಡೆಗೊಮ್ಮೆ, ಬಸ್‌ಸ್ಟಾಪಿನ ಕಡೆಗೊಮ್ಮೆ ಹೊರಳಿಕೊಂಡು ಹೋಗಿ, ಅರ್ಧದಿಂದ ಗುಡಿಯವರೆಗೆ ನೆಟ್ಟಗಾಗಿತ್ತು. ಯುಗಾದಿಯಿಂದ ಬಿತ್ತನೆಯವರೆಗೆ ಅಷ್ಟು ಸಲ ಉಳುವಾಗಲೂ ನನ್ನ ಸಾಲನ್ನು ಅಳಿಸದೆ, ಅದರ ಉದ್ದಕ್ಕೂ ಕಡ್ಡಿ ಸಿಕ್ಕಿಸಿ, ಎತ್ತು ಸುತ್ತಿಸಿಕೊಂಡು ಹೋಗಿದ್ದರಂತೆ.

ಚಳಿ ಬಿದ್ದಾಗ ಆ ಸಾಲು ಹೂ ಬಿಟ್ಟು ಕಾಯಿ ಕಟ್ಟಿತು. ಬಸ್ಸಿಳಿದವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ಗುಡಿಯ ಜಗಲಿಯ ಮೇಲೆ ಟವಲ್ ಹೊದ್ದು ಕೂತ ಚಿಕ್ಕಮಾವ ಅವರನ್ನು ಕೂಗಿ ಕರೆದು ಹೇಳುತ್ತಿದ್ದರು.

"ನಗ್ಬ್ಯಾಡ್ರಿ. ನಮ್ ಸೊಸೆ ಉತ್ತಿರೋ ಸಾಲು ಅದು. ಕಾಯಿ ಅದ್ರಾಗೇ ಜಾಸ್ತಿ ಬಿಟ್ಟೈತೆ."